ಎರಡು ನಾಳೆಗಳ ಕಥೆ: ಕಾಲಯಾನದಲ್ಲಿ ಪರ್ಯಾಯ ಭವಿಷ್ಯ ಬರೆಯುವವರಿಗೆ ಒಂದು ಕೈಪಿಡಿ

ಕಾಲಯಾನದ ಕಥೆ ಬರೆಯಲು ಕೂತವರು ಮೊದಲು ಯಂತ್ರದ ಹಿಂದೆ ಬೀಳುತ್ತಾರೆ. ಅದು ಎಷ್ಟು ದೊಡ್ಡದು, ಯಾವ ಬಣ್ಣದ ಬೆಳಕು ಚಿಮ್ಮುತ್ತದೆ, ಎಷ್ಟು ಕರೆಂಟ್ ಬೇಕು ಅಂತ ಪುಟಗಟ್ಟಲೆ ಬರೆಯುತ್ತಾರೆ. ಓದುವವರಿಗೆ ಅದು ಎರಡು ಪ್ಯಾರಾ ಇದ್ದರೆ ಸಾಕು. ಎಚ್. ಜಿ. ವೆಲ್ಸ್ 1895ರಲ್ಲಿ ತನ್ನ ಯಾತ್ರಿಯನ್ನು 8,02,701ನೇ ಇಸವಿಗೆ ಕಳಿಸಿದಾಗಲೂ ಯಂತ್ರದ ಬಗ್ಗೆ ಹೇಳಿದ್ದು ಅಷ್ಟಕ್ಕಷ್ಟೇ. ನಿಕಲ್, ದಂತ, ಸ್ಫಟಿಕದ ಸರಳು, ಕೂರಲು ಒಂದು ಸೀಟು. ಮುಗೀತು.

ವೆಲ್ಸ್‌ನ ಕಥೆಯಲ್ಲಿ ಭವಿಷ್ಯ ಒಂದೇ. ಯಾತ್ರಿ ಹೋಗಿ ನೋಡಿಕೊಂಡು ಬರುತ್ತಾನೆ. ಇಲ್ಲಿ ನಾವು ಮಾತಾಡುವುದು ಇನ್ನೊಂದು ಜಾತಿಯ ಕಥೆಯ ಬಗ್ಗೆ: ಎರಡು ನಾಳೆಗಳಿವೆ, ಉಳಿಯುವುದು ಒಂದು. ಇಂಥ ಕಥೆಯಲ್ಲಿ ಬರೆಯುವವರ ಗಮನವೆಲ್ಲ ಗೆದ್ದ ನಾಳೆಯ ಮೇಲಿರುತ್ತದೆ. ಓದುಗರ ಮನಸ್ಸು ಮಾತ್ರ ಅಳಿಸಿಹೋದ ನಾಳೆಯ ಹಿಂದೆ ಹೋಗುತ್ತದೆ. ಆ ನಾಳೆಯಲ್ಲಿ ಯಾರಿದ್ದರು, ಅವರಿಗೆ ಏನಾಯಿತು ಅನ್ನುವುದನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಆದಂತೆ.

ಸುಮ್ನೆ ಸಿದ್ಧಾಂತ ಹೇಳುವುದಕ್ಕಿಂತ ಒಂದು ಮಾದರಿ ಕಥೆ ಇಟ್ಟುಕೊಳ್ಳೋಣ.

ಒಂದು ಮಣ್ಣಿನ ಅಣೆಕಟ್ಟು. ಅದರ ಬುಡದಲ್ಲಿ ಸೋರುವ ನೀರನ್ನು ದಿನಾ ಅಳೆದು ರಿಜಿಸ್ಟರ್‌ನಲ್ಲಿ ಬರೆಯಬೇಕು. ಇಂಥ ಅಣೆಕಟ್ಟಿನಲ್ಲಿ ಒಂದಿಷ್ಟು ನೀರು ಸೋರುವುದು ಮಾಮೂಲು. ಆದರೆ ಸೋರಿಕೆ ಇದ್ದಕ್ಕಿದ್ದಂತೆ ಹೆಚ್ಚಾದರೆ, ತಿಳಿಯಾಗಿದ್ದ ನೀರು ಕೆಸರಾಗಿ ಬಂದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಅರ್ಥ. 2030ರ ಒಂದು ಮಳೆಯ ರಾತ್ರಿ ಕಾವಲುಗಾರ ಕೆಳಗಿಳಿದು ನೋಡಲಿಲ್ಲ. ನಿನ್ನೆಯ ಅಂಕಿಯನ್ನೇ ಇವತ್ತೂ ಬರೆದ. ಬೆಳಗಾಗುವ ಹೊತ್ತಿಗೆ ಅಣೆಕಟ್ಟು ಒಡೆಯಿತು, ಕೆಳಗಿನ ಊರು ಹೋಯಿತು. ಬದುಕಿದವರು ಗುಡ್ಡದ ಮೇಲೆ ಹೊಸ ಊರು ಕಟ್ಟಿದರು. ಆಗ ರೇವತಿಗೆ ಹತ್ತು ವರ್ಷ. ಪರಿಹಾರ ಶಿಬಿರದಲ್ಲಿ ಪರಿಚಯವಾದ ಹುಡುಗನನ್ನೇ ಮುಂದೆ ಮದುವೆಯಾದಳು. ಅವರಿಗೊಬ್ಬ ಮಗಳು. 2060ರಲ್ಲಿ ರೇವತಿಯ ಕೈಗೆ ಟೈಮ್ ಮಷಿನ್ ಸಿಗುತ್ತದೆ.

ಹೆಜ್ಜೆ 1: ಮೊದಲು ನಷ್ಟ ಬರೆಯಿರಿ

ಒಂದು ಹಾಳೆಯಲ್ಲಿ ಈ ವಾಕ್ಯ ತುಂಬಿಸಿ: "ಇವಳು ಇಂಥದ್ದನ್ನು ಉಳಿಸಲು ಹೋಗಿ ಇಂಥದ್ದನ್ನು ಕಳೆದುಕೊಳ್ಳುತ್ತಾಳೆ." ಮೊದಲ ಜಾಗ ತುಂಬುವುದು ಸುಲಭ. ಯುದ್ಧ, ಸಾವು, ಅಪಘಾತ, ಏನು ಬೇಕಾದರೂ ಹಾಕಬಹುದು. ಎರಡನೆಯ ಜಾಗ ಖಾಲಿ ಉಳಿದರೆ ಇನ್ನೂ ಬರೆಯಲು ಶುರು ಮಾಡಬೇಡಿ. ಎಲ್ಲರಿಗೂ ಒಳ್ಳೆಯದೇ ಆಗುವ ತಿದ್ದುಪಡಿಯಲ್ಲಿ ಕಥೆ ಇರುವುದಿಲ್ಲ, ವರದಿ ಇರುತ್ತದೆ.

ನಮ್ಮ ಮಾದರಿಯಲ್ಲಿ ಉತ್ತರ ಸ್ಪಷ್ಟ. ರೇವತಿ ಊರು ಉಳಿಸಲು ಹೋಗಿ ಮಗಳನ್ನು ಕಳೆದುಕೊಳ್ಳುತ್ತಾಳೆ. ಪ್ರವಾಹವಿಲ್ಲದಿದ್ದರೆ ಶಿಬಿರವಿಲ್ಲ, ಶಿಬಿರವಿಲ್ಲದಿದ್ದರೆ ಆ ಮದುವೆಯಿಲ್ಲ.

ನಷ್ಟ ಇಷ್ಟು ನೇರವಾಗಿ ಇರಲೇಬೇಕೆಂದಿಲ್ಲ. ಐಸಾಕ್ ಅಸಿಮೋವ್ 1955ರ ಒಂದು ಕಾದಂಬರಿಯಲ್ಲಿ ಕಾಲದ ಹೊರಗೆ ಕೂತು ಇತಿಹಾಸವನ್ನು ತಿದ್ದುವ ಒಂದು ಸಂಸ್ಥೆಯನ್ನೇ ಕಟ್ಟಿದ. ಅವರು ಬೇಕಾದಷ್ಟು ಮಾತ್ರ, ತೀರಾ ಸಣ್ಣ ಬದಲಾವಣೆ ಮಾಡಿ ಅನಾಹುತಗಳನ್ನು ತಪ್ಪಿಸುತ್ತಾರೆ. ಒಂದೊಂದು ತಿದ್ದುಪಡಿಯೂ ಸರಿಯೇ. ಆದರೆ ಅಪಾಯವನ್ನೆಲ್ಲ ಸವರಿ ಸವರಿ ಕೊನೆಗೆ ಮನುಷ್ಯರು ನಕ್ಷತ್ರಗಳಿಗೆ ಹೋಗುವ ಅವಕಾಶವನ್ನೇ ಕಳೆದುಕೊಂಡಿರುತ್ತಾರೆ. ಇಂಥ ನಿಧಾನದ ನಷ್ಟ ಸಣ್ಣ ಕಥೆಯಲ್ಲಿ ಹಿಡಿಯುವುದು ಕಷ್ಟ. ಕಾದಂಬರಿಗಾದರೆ ಹೇಳಿ ಮಾಡಿಸಿದ್ದು.

ಹೆಜ್ಜೆ 2: ನಿಯಮ ಒಂದನ್ನು ಹಿಡಿಯಿರಿ, ಬಿಡಬೇಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಕಥೆ ಯಾವುದರ ಬಗ್ಗೆ ಅನ್ನುವುದನ್ನೇ ಈ ಆಯ್ಕೆ ನಿರ್ಧರಿಸುತ್ತದೆ. ಹಿಂದಕ್ಕೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಒಂದು, ಏನೂ ಬದಲಾಗುವುದಿಲ್ಲ. ನೀವು ಹಿಂದೆ ಹೋಗಿದ್ದೂ ಇತಿಹಾಸದಲ್ಲಿ ಮೊದಲೇ ಸೇರಿಕೊಂಡಿತ್ತು. ರಷ್ಯಾದ ಭೌತವಿಜ್ಞಾನಿ ಇಗೋರ್ ನೊವಿಕೋವ್ ಹೆಸರಿನಲ್ಲಿ ಇದಕ್ಕೊಂದು ತತ್ವವೇ ಇದೆ: ಕಾಲದಲ್ಲಿ ಹಿಂದೆ ಹೋಗಲು ಸಾಧ್ಯವಾದರೂ, ತನ್ನನ್ನು ತಾನೇ ಸುಳ್ಳಾಗಿಸುವ ಘಟನೆ ನಡೆಯುವುದಿಲ್ಲ. ಇದನ್ನು ಪರೀಕ್ಷಿಸಲು ಭೌತವಿಜ್ಞಾನಿಗಳು ಬಿಲಿಯರ್ಡ್ಸ್ ಚೆಂಡಿನ ಒಂದು ಒಗಟು ಇಟ್ಟುಕೊಂಡಿದ್ದರು. ಚೆಂಡು ಕಾಲದ ಸುರಂಗಕ್ಕೆ ಹೋಗಿ, ತಾನು ಒಳಹೊಕ್ಕಿದ್ದಕ್ಕಿಂತ ಮೊದಲೇ ಹೊರಬಂದು, ತನಗೇ ಡಿಕ್ಕಿ ಹೊಡೆದರೆ? ಜೋರಾಗಿ ಹೊಡೆದರೆ ಹಳೆಯ ಚೆಂಡು ಸುರಂಗಕ್ಕೆ ಹೋಗುವುದೇ ಇಲ್ಲ. ಹೋಗದಿದ್ದರೆ ಹೊಡೆದದ್ದು ಯಾವುದು? ಲೆಕ್ಕ ಹಾಕಿದವರಿಗೆ ಸಿಕ್ಕ ದಾರಿ ಇದು: ಚೆಂಡು ತನ್ನನ್ನು ಸ್ವಲ್ಪ ಸವರಿಕೊಂಡು ಹೋಗುತ್ತದೆ. ಸವರಿದ್ದರಿಂದ ಅದರ ದಾರಿ ಓರೆಯಾಗುತ್ತದೆ. ಓರೆಯಾಗಿ ಒಳಹೊಕ್ಕಿದ್ದರಿಂದಲೇ ಹೊರಬರುವಾಗ ಬರೀ ಸವರುತ್ತದೆ.

ಈ ಚೆಂಡನ್ನೇ ನಮ್ಮ ಕಥೆಗೆ ಹಾಕಿ ನೋಡಿ. ರೇವತಿ 2030ಕ್ಕೆ ಹೋಗಿ ಕಾವಲುಗಾರನ ಕೋಣೆಯ ಬಾಗಿಲು ಬಡಿಯುತ್ತಾಳೆ. "ಅಣ್ಣಾ, ಈಗಲೇ ಕೆಳಗೆ ಹೋಗಿ ನೋಡಿ" ಅನ್ನುತ್ತಾಳೆ. ನಡುರಾತ್ರಿ ಬಂದ ಅಪರಿಚಿತ ಹೆಂಗಸನ್ನು ಅವನು ನಂಬುವುದಿಲ್ಲ. ವಾದ ಬೆಳೆಯುತ್ತದೆ, ಅಳತೆಯ ಹೊತ್ತು ಮೀರುತ್ತದೆ. ಗಾಬರಿಯಲ್ಲಿ ಅವನು ನಿನ್ನೆಯ ಅಂಕಿಯನ್ನೇ ಬರೆದುಬಿಡುತ್ತಾನೆ. ಅಣೆಕಟ್ಟು ಒಡೆಯಲು ಅವಳೇ ಕಾರಣಳಾದಳು. ಇಲ್ಲಿ ಪರ್ಯಾಯ ಭವಿಷ್ಯ ಇರುವುದು ಅವಳ ಆಸೆಯಲ್ಲಿ ಮಾತ್ರ.

ಎರಡು, ಹಳೆಯದು ಅಳಿಸಿ ಹೊಸದು ಬರೆಯಲ್ಪಡುತ್ತದೆ. ಕಾವಲುಗಾರ ಇಳಿದು ನೋಡುತ್ತಾನೆ, ನೀರು ಕೆಸರಾಗಿದೆ, ಗೇಟು ತೆಗೆದು ಜಲಾಶಯ ಇಳಿಸುತ್ತಾರೆ, ಊರು ಉಳಿಯುತ್ತದೆ. ರೇವತಿ 2060ಕ್ಕೆ ಮರಳಿದಾಗ ಮಗಳು ಇಲ್ಲ. ಸತ್ತಿದ್ದಾಳೆ ಅಂತಲ್ಲ, ಹುಟ್ಟೇ ಇಲ್ಲ. ಅಳುವುದಕ್ಕೊಂದು ಫೋಟೋ ಕೂಡ ಇಲ್ಲ. ಜನ ಜಾಸ್ತಿ ಬಳಸುವ ನಿಯಮ ಇದು. ತರ್ಕದಲ್ಲಿ ಜಾಸ್ತಿ ತೂತಿರುವುದೂ ಇದಕ್ಕೇ. 1985ರ ಬ್ಯಾಕ್ ಟು ದ ಫ್ಯೂಚರ್ ಚಿತ್ರದಲ್ಲಿ ನಾಯಕನ ಜೇಬಿನ ಫೋಟೋದಿಂದ ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಮಾಸಿಹೋಗುತ್ತಾರೆ. ಇತಿಹಾಸ ಬದಲಾದರೆ ಒಮ್ಮೆಗೇ ಬದಲಾಗಬೇಕಲ್ವಾ, ಕಂತಿನಲ್ಲಿ ಯಾಕೆ? ಉತ್ತರವಿಲ್ಲ. ಆದರೂ ಆ ಫೋಟೋ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಪ್ರೇಕ್ಷಕರ ಕೈಗೆ ಕೊಟ್ಟ ಗಡಿಯಾರ. ತರ್ಕ ಮುರಿಯುವುದಾದರೆ ಹೀಗೆ ಮುರಿಯಿರಿ. ಮುರಿದದ್ದರಿಂದ ಕಥೆಗೆ ಏನಾದರೂ ಸಿಗಬೇಕು.

ಮೂರು, ಕವಲು. ಹಳೆಯ ಜಗತ್ತು ಹಾಗೇ ಇರುತ್ತದೆ, ಪಕ್ಕದಲ್ಲಿ ಹೊಸದೊಂದು ಚಿಗುರುತ್ತದೆ. ಜಗತ್ತು ಕವಲೊಡೆಯುತ್ತಲೇ ಇರುತ್ತದೆ ಅನ್ನುವ, 1957ರಲ್ಲಿ ಭೌತವಿಜ್ಞಾನಿ ಹ್ಯೂ ಎವರೆಟ್ ಮಂಡಿಸಿದ ಕ್ವಾಂಟಮ್ ವ್ಯಾಖ್ಯಾನದಿಂದ ಕಥೆಗಾರರು ಇದಕ್ಕೆ ಬಲ ತಂದುಕೊಂಡರು. ಒಂದು ಮಾತು ನೆನಪಿರಲಿ. ಎವರೆಟ್‌ನ ಲೆಕ್ಕದಲ್ಲಿ ಜಗತ್ತು ಕವಲೊಡೆಯಲು ನಿಮ್ಮ ನನ್ನ ದೊಡ್ಡ ತೀರ್ಮಾನಗಳೇನೂ ಬೇಕಿಲ್ಲ. ಅದು ಕಣಗಳ ಮಟ್ಟದಲ್ಲೇ ನಡೆಯುವ ಸಂಗತಿ. "ನಾನು ಎಡಕ್ಕೆ ತಿರುಗಿದೆ, ಜಗತ್ತು ಎರಡಾಯಿತು" ಅನ್ನುವುದು ಕಥೆಗಾರರ ಸರಳೀಕರಣ. ಬಳಸಿ, ತಪ್ಪಿಲ್ಲ. ಪಾತ್ರದ ಬಾಯಲ್ಲಿ ಅದನ್ನು ವಿಜ್ಞಾನದ ಪಾಠವಾಗಿ ಹೇಳಿಸಬೇಡಿ ಅಷ್ಟೇ.

ಕವಲಿನ ನಿಯಮದಲ್ಲಿ ರೇವತಿ ಊರನ್ನು ಉಳಿಸುತ್ತಾಳೆ. ಆದರೆ ಅವಳು ಬಿಟ್ಟುಬಂದ ಜಗತ್ತಿನಲ್ಲಿ ಊರು ಮುಳುಗಿಯೇ ಇದೆ, ಮತ್ತು ಅಲ್ಲಿ ಮಗಳು ಅಮ್ಮನಿಗಾಗಿ ಕಾಯುತ್ತಿದ್ದಾಳೆ. ಈಗ ಕಥೆಯ ಪ್ರಶ್ನೆಯೇ ಬೇರೆ: ಅವಳು ಎಲ್ಲಿ ಬಾಳುತ್ತಾಳೆ?

ಈ ನಿಯಮಕ್ಕೆ ಒಂದು ಕಾಯಿಲೆಯಿದೆ. ಎಲ್ಲವೂ ಎಲ್ಲೋ ಒಂದು ಕಡೆ ನಡೆದೇ ತೀರುತ್ತದೆ ಅಂದಮೇಲೆ ನಾನೇನು ಮಾಡಿದರೇನು? ಲ್ಯಾರಿ ನಿವೆನ್ 1968ರ ಒಂದು ಸಣ್ಣಕಥೆಯಲ್ಲಿ ಇದನ್ನೇ ವಸ್ತು ಮಾಡಿಕೊಂಡ. ಸಮಾನಾಂತರ ಜಗತ್ತುಗಳು ಇವೆ ಅಂತ ಗೊತ್ತಾದ ಮೇಲೆ ಅಲ್ಲಿ ಜನ ಕಾರಣವಿಲ್ಲದೆ ಸಾಯತೊಡಗುತ್ತಾರೆ, ಕೊಲ್ಲತೊಡಗುತ್ತಾರೆ. ಈ ಕಾಯಿಲೆಗೆ ಮದ್ದು ಸರಳ. ಅನಂತ ಜಗತ್ತುಗಳ ಆಸೆ ಬಿಡಿ. ಎರಡೇ ಕವಲು ಇಡಿ, ದಾಟಲು ಒಂದೇ ಅವಕಾಶ ಕೊಡಿ.

ಮೂರರಲ್ಲಿ ಯಾವುದು ಒಳ್ಳೆಯದು? ನನಗೆ ಕೇಳಿದರೆ ಸಣ್ಣಕಥೆಗೆ ಮೊದಲನೆಯದು, ದುಃಖದ ಕಥೆಗೆ ಎರಡನೆಯದು. ಕವಲನ್ನು ತುಂಬ ಪುಟಗಳಿರುವಾಗ ಮಾತ್ರ ಮುಟ್ಟಿ. ಯಾವುದನ್ನೇ ಹಿಡಿದರೂ ಮಧ್ಯದಲ್ಲಿ ಬದಲಾಯಿಸಬೇಡಿ. ಮೊದಲರ್ಧದಲ್ಲಿ ಅಳಿಸುವ ನಿಯಮ, ಕೊನೆಯಲ್ಲಿ "ಅದು ಬೇರೆ ಕವಲಿನಲ್ಲಿ ಇನ್ನೂ ಇದೆ" ಅಂದರೆ ಓದುಗರು ಮೋಸಹೋದೆವು ಅಂದುಕೊಳ್ಳುತ್ತಾರೆ.

ಹೆಜ್ಜೆ 3: ತಿರುವಿನ ಬಿಂದು ಚಿಕ್ಕದಿರಲಿ, ಕೈಗೆ ಸಿಗುವಂತಿರಲಿ

ಎರಡು ಭವಿಷ್ಯಗಳು ಎಲ್ಲಿ ಬೇರೆಯಾಗುತ್ತವೆ? 1938ರಲ್ಲಿ ಜ್ಯಾಕ್ ವಿಲಿಯಮ್ಸನ್ ಧಾರಾವಾಹಿಯಾಗಿ ಬರೆದ ಕಥೆಯಲ್ಲಿ ಎರಡು ಭವಿಷ್ಯಗಳು ತಾವು ಉಳಿಯಲು ಒಂದರ ಮೇಲೊಂದು ಯುದ್ಧ ಮಾಡುತ್ತವೆ. ಅಷ್ಟು ದೊಡ್ಡ ಯುದ್ಧದ ಬೇರು ಒಬ್ಬ ಹುಡುಗನ ಕೈಯಲ್ಲಿದೆ. ಅವನು ಬಗ್ಗಿ ನೆಲದಿಂದ ಅಯಸ್ಕಾಂತ ಎತ್ತಿಕೊಂಡರೆ ಮುಂದೆ ವಿಜ್ಞಾನಿಯಾಗುತ್ತಾನೆ, ಒಂದು ಸುಂದರ ನಾಗರಿಕತೆ ಹುಟ್ಟುತ್ತದೆ. ಬೆಣಚುಕಲ್ಲು ಎತ್ತಿಕೊಂಡರೆ ಆ ಜಗತ್ತು ಹುಟ್ಟುವುದೇ ಇಲ್ಲ. ಆ ನಾಗರಿಕತೆಯ ಜಾನ್‌ಬಾರ್ ಎಂಬ ಹೆಸರಿನಿಂದಲೇ ಇಂಥ ಘಳಿಗೆಯನ್ನು ಸೈ-ಫೈ (ವೈಜ್ಞಾನಿಕ ಕಥೆಗಳ) ಓದುಗರು ಇಂದಿಗೂ ಜಾನ್‌ಬಾರ್ ಬಿಂದು ಅನ್ನುತ್ತಾರೆ.

ಅಯಸ್ಕಾಂತದಂಥ ಒಂದು ವಸ್ತು ಹುಡುಕಿ. ಯುದ್ಧ ಘೋಷಣೆ, ರಾಜನ ಕೊಲೆ ಇವೆಲ್ಲ ತೀರಾ ದೊಡ್ಡವು. ಅವನ್ನು ತಡೆಯಲು ಎಲ್ಲರೂ ಹೋಗುತ್ತಾರೆ. ನಮ್ಮ ಕಥೆಯಲ್ಲಿ ಬಿಂದು ಇರುವುದು ರಿಜಿಸ್ಟರ್‌ನ ಒಂದು ಅಂಕಿಯಲ್ಲಿ. ಬರೆಯುವಾಗ ಹತ್ತಿರ ಹೋಗಿ. ಹಿಂದಿನ ಏಳು ದಿನ ನೀಲಿ ಶಾಯಿಯಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾದ ಅಂಕಿಗಳು. ಎಂಟನೇ ಸಾಲಿನಲ್ಲಿ ಏಳನೆಯದರ ಪಡಿಯಚ್ಚು. ಹೊರಗೆ ಮಳೆ, ಗೂಟಕ್ಕೆ ತಗುಲಿಹಾಕಿದ ರೇನ್‌ಕೋಟ್ ಒಣಗಿಯೇ ಇದೆ. ಅವನು ಹೊರಗೆ ಹೋಗಿಲ್ಲ ಅಂತ ನೀವು ಬೇರೆ ಹೇಳಬೇಕಿಲ್ಲ.

ಸಣ್ಣ ಅಂಕಿ ಅಷ್ಟು ದೊಡ್ಡದು ಮಾಡುತ್ತದೆಯೇ ಅಂತ ಅನುಮಾನವೇ? 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವಾಮಾನದ ಒಂದು ಮಾದರಿಯನ್ನು ಕಂಪ್ಯೂಟರ್‌ನಲ್ಲಿ ಎರಡನೇ ಸಲ ಓಡಿಸುವಾಗ 0.506127 ಬದಲು 0.506 ಅಂತ ಹಾಕಿದ. ಮುದ್ರಿತ ಹಾಳೆಯಲ್ಲಿ ಇದ್ದದ್ದು ಅಷ್ಟೇ. ಸ್ವಲ್ಪ ಹೊತ್ತು ಎರಡೂ ಒಂದೇ ದಾರಿಯಲ್ಲಿ ನಡೆದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಚಿಟ್ಟೆ ರೆಕ್ಕೆ ಬಡಿದರೆ ದೂರದಲ್ಲೆಲ್ಲೋ ಸುಂಟರಗಾಳಿ ಏಳಬಹುದೇ ಎಂಬ ಮಾತು ಅವನ 1972ರ ಉಪನ್ಯಾಸದ ಶೀರ್ಷಿಕೆಯಿಂದ ಜನಪ್ರಿಯವಾಯಿತು.

ಹೆಜ್ಜೆ 4: ಅಲೆ ಎಲ್ಲಿಯವರೆಗೆ ಹೋಗುತ್ತದೆ ಅಂತ ನೀವೇ ತೀರ್ಮಾನಿಸಿ

ಲೊರೆಂಜ್‌ನನ್ನು ಪೂರ್ತಿ ನಂಬಿದರೆ ಕಥೆ ಬರೆಯಲು ಆಗುವುದಿಲ್ಲ. ಒಂದು ಬದಲಾವಣೆಯಿಂದ ಕೆಲವು ವಾರಗಳಲ್ಲಿ ಹವಾಮಾನ ಬೇರೆಯಾಗುತ್ತದೆ. ಜನ ಮನೆಗೆ ಬರುವ ಹೊತ್ತು ಆಚೀಚೆಯಾಗುತ್ತದೆ. ಗರ್ಭ ನಿಲ್ಲುವ ಕ್ಷಣ ಆಚೀಚೆಯಾದರೆ ಹುಟ್ಟುವ ಮಗುವೇ ಬೇರೆ. ಅಂದರೆ ಒಂದೆರಡು ವರ್ಷ ಬಿಟ್ಟು ಹುಟ್ಟಿದವರೆಲ್ಲ ಹೊಸ ಜನ. ಇನ್ನೊಂದು ಭವಿಷ್ಯಕ್ಕೆ ಹೋದರೆ ಅಲ್ಲೂ ಅದೇ ಗೆಳತಿ, ಅದೇ ಮೇಲಧಿಕಾರಿ, ಕೂದಲ ಶೈಲಿ ಮಾತ್ರ ಬೇರೆ ಅನ್ನುವ ಕಥೆಗಳೆಲ್ಲ ಈ ಲೆಕ್ಕದಲ್ಲಿ ಸುಳ್ಳು.

ಆ ಸುಳ್ಳು ನಮಗೆ ಬೇಕು. ಎಷ್ಟು ಬೇಕು ಅಂತ ಮೊದಲೇ ಗೆರೆ ಎಳೆಯಿರಿ. ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ, ಒಂದರಲ್ಲಿ ಅಣೆಕಟ್ಟು ಒಡೆದ ಜಗತ್ತು, ಇನ್ನೊಂದರಲ್ಲಿ ಉಳಿದ ಜಗತ್ತು. ಮೊದಲು ಮನೆಯ ಜನ: ಯಾರಿದ್ದಾರೆ, ಯಾರು ಹುಟ್ಟಿಲ್ಲ, ಯಾರು ಬೇರೆ ಕೆಲಸದಲ್ಲಿದ್ದಾರೆ. ಆಮೇಲೆ ಊರು. ಒಡೆದ ಜಗತ್ತಿನಲ್ಲಿ ಗುಡ್ಡದ ಊರಿಗೆ ಅಗಲ ರಸ್ತೆ, ಹೊಸ ಆಸ್ಪತ್ರೆ ಬಂದಿರಬಹುದು. ಉಳಿದ ಜಗತ್ತಿನಲ್ಲಿ ಹಳೆಯ ಊರು ನದಿಯ ಅಂಚಿನವರೆಗೆ ಬೆಳೆದು, ಅದೇ ಮುದಿ ಅಣೆಕಟ್ಟಿನ ಕೆಳಗೆ ಇನ್ನೂ ಹೆಚ್ಚು ಜನ ಸೇರಿರಬಹುದು. ಅನಾಹುತ ಕಂಡ ಜಗತ್ತು ಪಾಠ ಕಲಿತು ಉಳಿದ ಅಣೆಕಟ್ಟುಗಳನ್ನೆಲ್ಲ ರಿಪೇರಿ ಮಾಡಿಸಿರಬಹುದು, ಕಾಣದ ಜಗತ್ತು ಮಾಡಿಸದೇ ಇರಬಹುದು. ಇಂಥ ಸಾಲು ಸಿಕ್ಕಿದರೆ ಅಡಿಗೆರೆ ಹಾಕಿ. ಎರಡು ನಾಳೆಗಳಲ್ಲಿ ಯಾವುದು ಒಳ್ಳೆಯದು ಅಂತ ಥಟ್ಟನೆ ಹೇಳಲಾಗದಂತೆ ಮಾಡುವುದು ಇವೇ.

ದೇಶ, ಪ್ರಪಂಚದ ಮಟ್ಟಕ್ಕೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನೋಟ್‌ಬುಕ್‌ನಲ್ಲಿ ಬರೆದದ್ದನ್ನೆಲ್ಲ ಕಥೆಗೆ ತುರುಕಬೇಡಿ.

ಹೆಜ್ಜೆ 5: ನೆನಪು ಯಾರಿಗಿದೆ?

ಅಳಿಸುವ ನಿಯಮ ಹಿಡಿದರೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದು. ರೇವತಿಗೂ ನೆನಪಿಲ್ಲದಿದ್ದರೆ ದುಃಖ ಪಡುವವರೇ ಇಲ್ಲ. ಎಲ್ಲರಿಗೂ ನೆನಪಿದ್ದರೆ ಬದಲಾದದ್ದೇನು? ಹಾಗಾಗಿ ಒಬ್ಬರಿಗೆ ಮಾತ್ರ ನೆನಪಿರುವುದು ರೂಢಿ. ಆ ರೂಢಿಯನ್ನು ಸ್ವಲ್ಪ ಅಲುಗಿಸಬಹುದು. ರೇವತಿ ಮರಳಿ ಬಂದು ಗಂಡನಾಗಿದ್ದವನನ್ನು ಹುಡುಕಿಕೊಂಡು ಹೋಗುತ್ತಾಳೆ. ಅವನಿಗೆ ಬೇರೆ ಹೆಂಡತಿ, ಬೇರೆ ಮಕ್ಕಳು. "ಯಾರು ಬೇಕಿತ್ತಮ್ಮಾ?" ಅನ್ನುತ್ತಾನೆ. ಇಪ್ಪತ್ತು ವರ್ಷ ಏಕವಚನದಲ್ಲಿ ಕರೆದವನಿಗೆ ಅವಳೀಗ "ನೀವು" ಅನ್ನಬೇಕು. ಇಂಥ ಒಂದು ಮಾತುಕತೆಯ ಮುಂದೆ ಪುಟಗಟ್ಟಲೆ ವಿವರಣೆ ಬೇಡ.

ಹೆಜ್ಜೆ 6: ಒಂದೇ ವಸ್ತುವನ್ನು ಎರಡು ಸಲ ತೋರಿಸಿ

ಹೊಸ ಭವಿಷ್ಯವನ್ನು ವರ್ಣಿಸಲು ಕೂತರೆ ಪ್ರವಾಸಕಥನ ಆಗಿಬಿಡುತ್ತದೆ. ರೇ ಬ್ರಾಡ್ಬರಿ 1952ರ ಸಣ್ಣಕಥೆಯಲ್ಲಿ ಎಷ್ಟು ಕಡಿಮೆಯಲ್ಲಿ ಮುಗಿಸಿದ ನೋಡಿ. ಡೈನೋಸಾರ್ ಬೇಟೆಗೆ ಕರೆದೊಯ್ಯುವ ಕಂಪನಿಯ ಬೋರ್ಡನ್ನು ಆರಂಭದಲ್ಲೇ ಓದಿಸುತ್ತಾನೆ. ಬೇಟೆಗೆ ಹೋದವನು ಹಾಕಿಕೊಟ್ಟ ದಾರಿ ಬಿಟ್ಟಿಳಿದು ಒಂದು ಚಿಟ್ಟೆ ತುಳಿಯುತ್ತಾನೆ. ವಾಪಸ್ ಬಂದಾಗ ಅದೇ ಬೋರ್ಡು, ಕಾಗುಣಿತ ಮಾತ್ರ ಬೇರೆ. ಆಮೇಲೆ ಚುನಾವಣೆಯಲ್ಲಿ ಇನ್ನೊಬ್ಬ ಗೆದ್ದಿದ್ದಾನೆ ಅಂತ ಗೊತ್ತಾಗುತ್ತದೆ.

ನಿಮ್ಮ ಬೋರ್ಡು ಯಾವುದು ಅಂತ ಆರಿಸಿಕೊಳ್ಳಿ. ಮೊದಲ ಸಲ ಬಂದಾಗ ಅದು ಮುಖ್ಯ ಅನಿಸಬಾರದು. ಸುಮ್ನೆ ಹಿನ್ನೆಲೆಯಲ್ಲಿ ಇರಬೇಕು. ರೇವತಿಯ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳಿವೆ ಅನ್ನಿ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಎರಡನೇ ಸಲ ಆ ಚೌಕಟ್ಟಿಗೆ ಬಣ್ಣ ಹೊಡೆದಿರಬೇಕೇ, ಖಾಲಿ ಇರಬೇಕೇ, ಬೇರೆ ಯಾವುದೋ ಮಗುವಿನ ಗೆರೆಗಳಿರಬೇಕೇ? ಮೂರನೆಯದು ನನಗಿಷ್ಟ.

ಹೆಜ್ಜೆ 7: ಓದುಗರು ಕೇಳುವ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ

ಮೊದಲನೆಯದು: "ಸರಿಹೋಗದಿದ್ದರೆ ಮತ್ತೆ ಹಿಂದೆ ಹೋಗಿ ಇನ್ನೊಮ್ಮೆ ಪ್ರಯತ್ನಿಸಬಹುದಲ್ಲ?" ಇದಕ್ಕೆ ಉತ್ತರವಿಲ್ಲದಿದ್ದರೆ ಕಥೆಯಲ್ಲಿ ಯಾವ ಸೋಲೂ ಸೋಲಲ್ಲ. ಯಂತ್ರ ಒಂದು ಸಲ ಮಾತ್ರ ಹೋಗಿ ಬರುತ್ತದೆ, ಅಥವಾ ಒಮ್ಮೆ ಮುಟ್ಟಿದ ದಿನಕ್ಕೆ ಮತ್ತೆ ಇಳಿಯಲಾಗದು, ಹೀಗೆ ಏನಾದರೂ ಮಿತಿ ಹಾಕಿ. ಅದನ್ನು ಕಥೆಯ ಮೊದಲ ಕಾಲು ಭಾಗದಲ್ಲೇ ಹೇಳಿ. ಕೊನೆಯಲ್ಲಿ ಹೇಳಿದರೆ ನೆಪ ಅನಿಸುತ್ತದೆ.

ಎರಡನೆಯದು: "ಇಷ್ಟು ಅವಸರ ಯಾಕೆ?" ಟೈಮ್ ಮಷಿನ್ ಪಕ್ಕದಲ್ಲಿ ನಿಂತು "ಬೇಗ, ಟೈಮಿಲ್ಲ!" ಅಂತ ಕೂಗುವ ಪಾತ್ರಗಳನ್ನು ಕಂಡಾಗೆಲ್ಲ ನಗು ಬರುತ್ತದೆ. ನಾಳೆ ಹೊರಟರೂ ನಿನ್ನೆಗೇ ತಲುಪಬಹುದು ತಾನೇ? ಅವಸರ ಬೇಕಿದ್ದರೆ ಅದಕ್ಕೆ ಯಾತ್ರಿಯ ಬದುಕಿನಲ್ಲೇ ಕಾರಣ ಹುಡುಕಿ. ಯಂತ್ರ ಬೇರೆಯವರದ್ದು, ಬೆಳಗಾದರೆ ಕೋಣೆಗೆ ಬೀಗ ಬೀಳುತ್ತದೆ ಅಂದರೂ ಸಾಕು.

ಹೆಜ್ಜೆ 8: ಎರಡು ಕ್ರಮದಲ್ಲಿ ಓದಿ ನೋಡಿ

ಕರಡು ಮುಗಿದ ಮೇಲೆ ಪ್ರತಿ ದೃಶ್ಯಕ್ಕೂ ಒಂದು ಚೀಟಿ ಮಾಡಿ. ಚೀಟಿಯ ಮೇಲೆ ಇಸವಿ ಬರೆಯಿರಿ, ರೇವತಿಯ ಆಗಿನ ವಯಸ್ಸೂ ಬರೆಯಿರಿ. ಮೊದಲು ವಯಸ್ಸಿನ ಕ್ರಮದಲ್ಲಿ ಜೋಡಿಸಿ ಓದಿ. ಅವಳಿಗೆ ಯಾವುದು ಯಾವಾಗ ಗೊತ್ತಾಯಿತು ಅನ್ನುವ ತಪ್ಪುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಇಸವಿಯ ಕ್ರಮದಲ್ಲಿ ಜೋಡಿಸಿ. 2030ರ ಆ ರಾತ್ರಿ ಹತ್ತು ವರ್ಷದ ರೇವತಿ ಎಲ್ಲಿದ್ದಳು, ಇಬ್ಬರೂ ಎದುರಾಗುವ ಸಾಧ್ಯತೆ ಇತ್ತೇ ಅಂತ ಆಗ ಹೊಳೆಯುತ್ತದೆ.

ಭಾಷೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. 2060ರ ದೃಶ್ಯವಾದರೂ ಭೂತಕಾಲದಲ್ಲೇ ಬರೆಯಿರಿ, "ಬಂದಳು, ನೋಡಿದಳು" ಅಂತ. ಭವಿಷ್ಯ ಅಂತ "ಬರುವಳು, ನೋಡುವಳು" ಅಂದರೆ ಜ್ಯೋತಿಷ್ಯ ಓದಿದ ಹಾಗಿರುತ್ತದೆ. ಅಳಿಸಿಹೋದ ನಾಳೆಗೆ ಕನ್ನಡದಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ. "ಮಗಳು ಈ ಹೊತ್ತಿಗೆ ಶಾಲೆಯಿಂದ ಬರುತ್ತಿದ್ದಳು" ಅಂದರೆ ದಿನಾ ಬರುತ್ತಿದ್ದಳು ಅಂತಲೂ ಆಗುತ್ತದೆ, ಇದ್ದಿದ್ದರೆ ಬರುತ್ತಿದ್ದಳು ಅಂತಲೂ ಆಗುತ್ತದೆ. ರೇವತಿಯ ಮಟ್ಟಿಗೆ ಎರಡೂ ನಿಜ. ಇದನ್ನು ಒಂದು ಸಲ ಬಳಸಿ, ಸರಿಯಾದ ಜಾಗದಲ್ಲಿ.

ಹೆಜ್ಜೆ 9: ನಕ್ಷೆ ಬಿಡಿಸಿ ಹೇಳುವ ದೃಶ್ಯ ಬೇಕೇ?

1989ರಲ್ಲಿ ಬಂದ ಬ್ಯಾಕ್ ಟು ದ ಫ್ಯೂಚರ್ ಎರಡನೇ ಭಾಗದಲ್ಲಿ ವಿಜ್ಞಾನಿ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಕವಲು ತೋರಿಸುತ್ತಾನೆ. ಆಮೇಲೆ ಬಂದ ಎಷ್ಟೋ ಕಥೆಗಳಲ್ಲಿ ಅಂಥ ಹಲಗೆ, ಕರವಸ್ತ್ರ, ಉಪ್ಪಿನ ಡಬ್ಬಿ ಎಲ್ಲ ಬಂದಿವೆ. ಸಿನಿಮಾದಲ್ಲಿ ಅದು ಬೇಗ ಮುಗಿಯುತ್ತದೆ. ಬರಹದಲ್ಲಿ ಅದೇ ವಿವರಣೆ ಎಳೆದಾಡುತ್ತದೆ. ಬೇಕೇ ಬೇಡವೇ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಕಥೆಯನ್ನು ಸೈ-ಫೈ ಓದುವ ಅಭ್ಯಾಸವಿಲ್ಲದ ಒಬ್ಬರಿಗೆ ಕೊಡಿ. ಓದಿದ ಮೇಲೆ "ಏನಾಯಿತು ಹೇಳಿ" ಅನ್ನಿ, ನೀವು ಬಾಯಿ ಬಿಡಬೇಡಿ. ಅವರು ತಡವರಿಸಿದ ಕಡೆ ಮೊದಲು ಒಂದು ಇಸವಿ ಸೇರಿಸಿ ನೋಡಿ. ಸಾಮಾನ್ಯವಾಗಿ ಅಷ್ಟರಲ್ಲೇ ಸರಿಹೋಗುತ್ತದೆ. ಆಗಲೂ ಸರಿಹೋಗದಿದ್ದರೆ ಎರಡನೇ ಹೆಜ್ಜೆಗೆ ಹೋಗಿ. ಎಲ್ಲೋ ಎರಡು ನಿಯಮ ಬೆರೆತುಹೋಗಿರುತ್ತವೆ.